ಅಪ್‌ಡೇಟ್: ಮಂಡ್ಯದ ಬೆಲ್ಲದ ಬೆಲೆ, ಮಳೆ ಮತ್ತು ಕೋಇಂಟಿಗ್ರೇಷನ್

ಮಂಡ್ಯದ ಬೆಲ್ಲದ ಬೆಲೆ, ಸಕ್ಕರೆ ಬೆಲೆ, ಮಳೆ ಇವುಗಳ ನಡುವೆ ದೀರ್ಘಕಾಲದ ನಂಟು (ಕೋಇಂಟಿಗ್ರೇಷನ್) ಇದೆಯಾ ಅಂತ ಹೇಗೆ ನೋಡೋದು ಎಂದು ಹಿಂದೆ ಇಲ್ಲಿ ಕೇಳಿದ್ದೆ ಅಲ್ವಾ? ಬೆಲೆಗಳೆರಡೂ ಐ(1), ಅಂದರೆ ಹಿಂದಿನ ತಿಂಗಳಿಂದ ಆದ ವ್ಯತ್ಯಾಸ ತೆಗೆದರಷ್ಟೇ ಸ್ಥಿರವಾಗುವಂಥವು; ಮಳೆ ಮಾತ್ರ ಐ(0), ಅಂದರೆ ಇದ್ದ ಹಾಗೇ ಸ್ಥಿರ. ಇಂಥ ನಂಟು ಎಷ್ಟಿವೆ ಅಂತ ಎಣಿಸುವ ಜೊಹಾನ್ಸೆನ್ ಟೆಸ್ಟ್ ಹಾಕಿದಾಗ, ಮಳೆ ತಾನೇ ಸ್ಥಿರವಾಗಿರುವುದರಿಂದಲೇ ಒಂದು ನಂಟು ಲೆಕ್ಕಕ್ಕೆ ಸೇರಿಬಿಡುತ್ತಿತ್ತು.

ಆಗ ಉತ್ತರಿಸಿದ ನೀವು ಹೇಳಿದಂತೆ, ಪೆಸರನ್, ಶಿನ್, ಸ್ಮಿತ್ 2001ರಲ್ಲಿ ಕೊಟ್ಟ, ಐ(0), ಐ(1) ಬೆರೆತಿದ್ದರೂ ನಡೆಯುವ ಬೌಂಡ್ಸ್ ಟೆಸ್ಟ್ ಮಾಡಿದೆ. ಇದರಲ್ಲಿ ಎಫ್ ಎಂಬ ಮೌಲ್ಯ ಮೇಲಿನ ಮಿತಿ ದಾಟಿದರೆ ನಂಟು ಇದೆ, ಕೆಳಗಿನ ಮಿತಿಗಿಂತ ಕಡಿಮೆಯಿದ್ದರೆ ನಂಟು ಇದೆ ಎನ್ನಲು ಆಧಾರವಿಲ್ಲ ಅಂತ. ಯಾವುದೂ ಐ(2), ಅಂದರೆ ಎರಡು ಸಲ ವ್ಯತ್ಯಾಸ ತೆಗೆಯಬೇಕಾದದ್ದು, ಅಲ್ಲ ಅಂತ ಮೊದಲೇ ನೋಡಿಕೊಂಡೆ. ಇದ್ದಿದ್ದರೆ ಈ ಟೆಸ್ಟ್ ನಡೆಯುತ್ತಿರಲಿಲ್ಲ. ಆದರೂ ಎಫ್ ಮೌಲ್ಯ ಎರಡು ಮಿತಿಗಳ ಮಧ್ಯೆ ಬಂದು ನಿಂತಿತು. ಹಾಗಾದರೆ ನಂಟು ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಬೇಜಾರಾಯಿತು. ರೆಸಿಡ್ಯುಯಲ್, ಅಂದರೆ ಮಾದರಿ ವಿವರಿಸದೆ ಉಳಿಸಿದ ಭಾಗದ, ಗ್ರಾಫ್ ತೆಗೆದು ನೋಡಿದರೆ ಆಲೆಮನೆ ಸೀಸನ್ನಿನ ಏರಿಳಿತ ವರ್ಷವರ್ಷವೂ ಅದೇ ತಿಂಗಳಲ್ಲಿ ಎದ್ದು ಕಾಣುತ್ತಿತ್ತು. ಅದಕ್ಕೇ ತಿಂಗಳ ಡಮ್ಮಿ (ಆಯಾ ತಿಂಗಳನ್ನು ಗುರುತಿಸುವ 0/1 ಚರ) ಸೇರಿಸಿದೆ, ಲ್ಯಾಗ್ (ಹಿಂದಿನ ತಿಂಗಳುಗಳ ಮೌಲ್ಯ) ಜಾಸ್ತಿ ಮಾಡಿದೆ. ಈಗ ಎಫ್ ಮೇಲಿನ ಮಿತಿ ದಾಟಿದೆ, ಎರರ್ ಕರೆಕ್ಷನ್ ಗುಣಾಂಕವೂ ಋಣಾತ್ಮಕವಾಗಿದೆ, ಅಂದರೆ ಬೆಲೆ ದೀರ್ಘಕಾಲದ ನಂಟಿನಿಂದ ದೂರ ಸರಿದರೆ ಮತ್ತೆ ಅದರತ್ತ ಮರಳುತ್ತದೆ. ತುಂಬಾ ಖುಷಿಯಾಯಿತು, ಎಲ್ಲರಿಗೂ ಥ್ಯಾಂಕ್ಸ್.