ಮಠದ ಕಲ್ಯಾಣ ಮಂಟಪದ ಬಾಡಿಗೆಗೆ ಆದಾಯ ತೆರಿಗೆ ಏಕಿಲ್ಲ?

ಪ್ರಶ್ನೆ – ಬಯಲುಸೀಮೆಯವ

ನಮ್ಮ ಊರಿನ ಒಂದೇ ರಸ್ತೆಯಲ್ಲಿ ಎರಡು ಕಲ್ಯಾಣ ಮಂಟಪಗಳಿವೆ. ಒಂದು ಖಾಸಗಿಯವರದು, ಇನ್ನೊಂದು ಮಠದ ಟ್ರಸ್ಟಿನದು. ಬಾಡಿಗೆಯಿಂದ ಹಿಡಿದು ಪಾತ್ರೆ, ವಿದ್ಯುತ್ತಿನವರೆಗೆ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಹಣ ಪಡೆಯುತ್ತಾರೆ. ಖಾಸಗಿ ಮಾಲೀಕರು ಲಾಭದ ಮೇಲೆ ಆದಾಯ ತೆರಿಗೆ ಕಟ್ಟುತ್ತಾರೆ, ಟ್ರಸ್ಟಿನವರು ಕಟ್ಟುವುದಿಲ್ಲ. ದಾನಧರ್ಮಕ್ಕೆ ತೆರಿಗೆ ಹಾಕಬೇಕೆಂಬುದು ನನ್ನ ವಾದವಲ್ಲ. ಆದರೆ ಬಡವರಿಗೆ ಔಷಧ ಕೊಡುವ ಸಂಸ್ಥೆಯನ್ನೂ ರಥೋತ್ಸವ ನಡೆಸುವ ಸಂಸ್ಥೆಯನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಬಲ್ಲವರು ತಿಳಿಸಬೇಕು.

ಉತ್ತರ – ಲೆಕ್ಕಪತ್ರ

ವೃತ್ತಿಯಿಂದ ಲೆಕ್ಕಪರಿಶೋಧಕನಾದ ನಾನು ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬಯಸುತ್ತೇನೆ. ಸಂಸ್ಥೆ ಧಾರ್ಮಿಕವೆಂಬ ಕಾರಣಕ್ಕೇ ಈ ವಿನಾಯಿತಿ ತಾನಾಗಿ ಸಿಗುವುದಿಲ್ಲ. 1961ರ ಕಾಯ್ದೆ ರೂಪಿಸಿದ ವ್ಯವಸ್ಥೆಯ ಪ್ರಕಾರ ಟ್ರಸ್ಟು ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಪಡೆದು, ಆದಾಯದ ಕನಿಷ್ಠ 85% ಭಾಗವನ್ನು ತನ್ನ ಉದ್ದೇಶಕ್ಕೇ ವೆಚ್ಚ ಮಾಡಬೇಕು. ದೊಡ್ಡ ಕಟ್ಟಡದಂಥ ಕಾರ್ಯಕ್ಕೆ ಉಳಿದ 15%ಕ್ಕಿಂತ ಹೆಚ್ಚು ಕೂಡಿಡುವುದಾದರೆ ಕಾರಣವನ್ನು ಮೊದಲೇ ತಿಳಿಸಿ, ಐದು ವರ್ಷಗಳೊಳಗೆ ಬಳಸಬೇಕು. ಸ್ಥಾಪಕರಿಗೋ ಟ್ರಸ್ಟಿಗಳ ಬಂಧುಗಳಿಗೋ ಲಾಭ ಹರಿದರೆ ವಿನಾಯಿತಿಗೆ ಕುತ್ತು ಬರುತ್ತದೆ. ಮಂಟಪದ ಬಾಡಿಗೆ ಈ ಷರತ್ತುಗಳಿಗೆ ಒಳಪಟ್ಟು ಮಠದ ಶಾಲೆಗೋ ದಾಸೋಹಕ್ಕೋ ಹೋದರೆ ಮಾತ್ರ ಅದಕ್ಕೆ ಆದಾಯ ತೆರಿಗೆಯಿಲ್ಲ.

ಜಿಎಸ್‌ಟಿಯ ವಿಷಯ ಬೇರೆ. ಪೂಜಾಸ್ಥಳದ ಆವರಣದಲ್ಲಿರುವ ಸಭಾಭವನದ ಬಾಡಿಗೆ ದಿನಕ್ಕೆ 10,000 ರೂಪಾಯಿ ಮುಟ್ಟಿದರೆ ಅಲ್ಲಿ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಊರಿನ ಟ್ರಸ್ಟು ಯಾವ ತೆರಿಗೆಯನ್ನೂ ಕಟ್ಟುತ್ತಿಲ್ಲವೆಂದು ಭಾವಿಸಬೇಕಾಗಿಲ್ಲ.

ಉತ್ತರ – ಗರುಡಗಂಬ

ಮುಜರಾಯಿ ದೇವಸ್ಥಾನವೊಂದರ ವ್ಯವಸ್ಥಾಪನಾ ಸಮಿತಿಯಲ್ಲಿ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ನಮ್ಮ ದೇವಸ್ಥಾನಗಳು ಏನನ್ನೂ ಕೊಡುವುದಿಲ್ಲವೆಂಬ ಮಾತು ನಿಜವಲ್ಲ. ಕರ್ನಾಟಕದ ಹಿಂದೂ ಧಾರ್ಮಿಕ ಸಂಸ್ಥೆಗಳ 1997ರ ಕಾಯ್ದೆಯಡಿ ಆದಾಯವುಳ್ಳ ದೇವಾಲಯಗಳು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಾಲು ಕೊಡುತ್ತವೆ. 10 ಲಕ್ಷದಿಂದ 1 ಕೋಟಿಯವರೆಗೆ 5%, ಅದನ್ನು ಮೀರಿದರೆ 10% ಎಂದು ಮಾಡಹೊರಟ 2024ರ ತಿದ್ದುಪಡಿ ಮಸೂದೆಯು ವಿಧಾನ ಪರಿಷತ್ತಿನಲ್ಲಿ ಬಿದ್ದು, ವಿಧಾನಸಭೆಯಲ್ಲಿ ಮತ್ತೊಮ್ಮೆ ಅಂಗೀಕಾರವಾದ ಗದ್ದಲ ಎಲ್ಲರಿಗೂ ನೆನಪಿರಬಹುದು. ಆ ಹಣ ಆದಾಯವಿಲ್ಲದ ಸಣ್ಣ ದೇವಾಲಯಗಳಿಗೂ ಹೋಗುತ್ತದೆ, ಒಪ್ಪುತ್ತೇನೆ. ಕೊಡುವ ಕೈಗೆ ಮಾತ್ರ ಅದು ತೆರಿಗೆಯಂತೆಯೇ ಕಾಣುತ್ತದೆ. ಮಠಗಳು ಈ ಕಾಯ್ದೆಯಿಂದ ಹೊರಗಿವೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಈ ಜಗಳ ಹೊಸದೇನಲ್ಲ. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ, ಮದ್ರಾಸ್ ಸರ್ಕಾರ ವಸೂಲಿ ಮಾಡುತ್ತಿದ್ದ ವಂತಿಗೆಯು ಸಲ್ಲಿಸಿದ ಸೇವೆಗೆ ಪಡೆಯುವ ಶುಲ್ಕವಲ್ಲ, ತೆರಿಗೆಯೇ ಎಂದು ಹೇಳಿ ಅದನ್ನು ರದ್ದುಪಡಿಸಿತು. ಅಷ್ಟಕ್ಕೂ ಭಕ್ತರು ತೆರಿಗೆ ಕಟ್ಟಿ ಉಳಿದ ಹಣವನ್ನು ತಾನೇ ಹುಂಡಿಗೆ ಹಾಕುವುದು? ಅದಕ್ಕೆ ಮತ್ತೆ ತೆರಿಗೆ ಏಕೆ?

ಉತ್ತರ – ಹೇಮಾವತಿ ದಂಡೆ

ಗರುಡಗಂಬ ಅವರ ಕೊನೆಯ ವಾದ ನಿಲ್ಲುವುದಿಲ್ಲ. ನಾನು ತೆರಿಗೆ ಕಟ್ಟಿದ ಸಂಬಳದಿಂದಲೇ ದರ್ಜಿಗೆ ಹಣ ಕೊಡುತ್ತೇನೆ, ಆತನ ಆದಾಯ ಮಿತಿ ಮೀರಿದರೆ ಆತನೂ ತೆರಿಗೆ ಕಟ್ಟಬೇಕು. ಟ್ರಸ್ಟಿಗೆ ವಿನಾಯಿತಿ ಬೇಕಾದರೆ ಅದಕ್ಕೆ ಬೇರೆ ಸಮರ್ಥನೆ ಬೇಕು. ಆ ಸಮರ್ಥನೆ, ಸರ್ಕಾರ ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆ ಎಂಬುದು. ಸಿದ್ಧಗಂಗೆಯಂಥ ಮಠ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಡುವಾಗ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಕಾನೂನು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ ಎಂಬುದನ್ನೂ ಹೇಳಬೇಕು. ದಾನಿಗೆ 80ಜಿ ಕಡಿತ, ಅಂದರೆ ಕೊಟ್ಟ ದಾನಕ್ಕಾಗಿ ತನ್ನ ತೆರಿಗೆಯ ಲೆಕ್ಕದಲ್ಲಿ ರಿಯಾಯಿತಿ, ಸಿಗಬೇಕಾದರೆ ಸಂಸ್ಥೆಯ ಧಾರ್ಮಿಕ ವೆಚ್ಚ ಆದಾಯದ 5% ಮೀರಬಾರದು. ಹೆಸರಾಂತ ಪೂಜಾಸ್ಥಳಗಳ ಜೀರ್ಣೋದ್ಧಾರಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಿದ್ದರೆ ಆ ಮಾತು ಬೇರೆ. ಸಡಿಲವಿರುವುದು ಇನ್ನೊಂದು ಕಡೆ. ಸಮಾಜಸೇವೆಯ ಟ್ರಸ್ಟಿಗೆ ಹೆಸರಿಲ್ಲದ ದೇಣಿಗೆ ಮಿತಿ ಮೀರಿ ಬಂದರೆ 30% ತೆರಿಗೆ ಬೀಳುತ್ತದೆ. ಸಂಪೂರ್ಣ ಧಾರ್ಮಿಕ ಸಂಸ್ಥೆಗೆ ಆ ನಿಯಮವೇ ಅನ್ವಯಿಸುವುದಿಲ್ಲ. ಹುಂಡಿಗೆ ಹಾಕುವವರ ಹೆಸರು ಕೇಳಲಾಗದು, ನಿಜ. ಆದರೆ ಹೆಸರು ಹೇಳಲೊಲ್ಲದ ಹಣಕ್ಕೂ ಅದೇ ಬಾಗಿಲು ತೆರೆದಿರುತ್ತದೆ ಎಂಬುದನ್ನು ಮರೆಯಬಾರದು.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವ ಸಮಸ್ಯೆ ಶಿಕ್ಷಣ ಟ್ರಸ್ಟುಗಳದು. ಸೀಟಿಗೆ ಡೊನೇಷನ್ ಪಡೆದು ಕಟ್ಟಡದ ಮೇಲೆ ಕಟ್ಟಡ ಕಟ್ಟಿದರೆ ಕಾಗದದ ಮೇಲೆ ಅದೂ ‘ಉದ್ದೇಶಕ್ಕಾಗಿ ಮಾಡಿದ ವೆಚ್ಚ’ವೇ. ಶಿಕ್ಷಣದ ಹೆಸರಿನಲ್ಲಿ ವಿನಾಯಿತಿ ಬಯಸುವ ಸಂಸ್ಥೆಯ ಉದ್ದೇಶ ಶಿಕ್ಷಣ ಮಾತ್ರವೇ ಆಗಿರಬೇಕೆಂದು ಸುಪ್ರೀಂ ಕೋರ್ಟು 2022ರ ಅಕ್ಟೋಬರಿನಲ್ಲಿ ಬಿಗಿ ಮಾಡಿದ್ದು ಸ್ವಾಗತಾರ್ಹ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಂದಾಯಿತ ದತ್ತಿ ಸಂಸ್ಥೆಗಳ ಲೆಕ್ಕವನ್ನು ಚಾರಿಟಿ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ವಿನಾಯಿತಿ ಇರಲಿ, ಅದನ್ನು ಪಡೆಯುವ ಪ್ರತಿ ಸಂಸ್ಥೆಯೂ, ಮಠ, ಮಸೀದಿ, ಚರ್ಚುಗಳೂ ಸೇರಿ, ತನ್ನ ವಾರ್ಷಿಕ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ ಎಂಬುದು ನನ್ನ ನಿಲುವು.

ಬಯಲುಸೀಮೆಯವ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಆ ಮಠದ ಟ್ರಸ್ಟು ಮಂಟಪದ ಬಾಡಿಗೆಯನ್ನು ಯಾವುದಕ್ಕೆ ಬಳಸಿತೆಂದು ನನ್ನಂಥವನು ಈಗ ತಿಳಿಯಲು ಸಾಧ್ಯವೇ?

ಲೆಕ್ಕಪತ್ರ

ಸುಲಭವಿಲ್ಲ. ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಹುಡುಕಬಹುದು. ಲೆಕ್ಕಪರಿಶೋಧನಾ ವರದಿ ಇಲಾಖೆಗೆ ಸಲ್ಲಿಕೆಯಾಗುತ್ತದೆ, ಆದರೆ ಅಲ್ಲಿ ನಿಮಗೆ ಕಾಣುವುದಿಲ್ಲ. ಟ್ರಸ್ಟಿಗೇ ಪತ್ರ ಬರೆದು ಕೇಳಿ ನೋಡಿ. ಲೆಕ್ಕ ಸರಿಯಾಗಿಟ್ಟವರು ತೋರಿಸಲು ಸಾಮಾನ್ಯವಾಗಿ ಹಿಂಜರಿಯುವುದಿಲ್ಲ.