ಬಿಸಿನೆಸ್ ವೀಸಾ ತಿರಸ್ಕಾರ: ಎರಡು ಇನಿಷಿಯಲ್‌ಗೆ ಇಷ್ಟು ದೊಡ್ಡ ಶಿಕ್ಷೆಯೇ?

ಪೀಣ್ಯ ಟರ್ನರ್:
ಪೀಣ್ಯದಲ್ಲಿ ಹನ್ನೊಂದು ಜನರ ಸಿಎನ್‌ಸಿ ಶಾಪ್ ನಮ್ಮದು. ಹೈಡ್ರಾಲಿಕ್ ವಾಲ್ವಿನ ಸ್ಪೂಲ್ ಮಾಡುತ್ತೇವೆ. ಯುರೋಪಿನ ಗಿರಾಕಿಯೊಬ್ಬರು ಸ್ಯಾಂಪಲ್ ಒಪ್ಪಿಕೊಂಡು, ಆರ್ಡರ್‌ಗೆ ಮುಂಚೆ ಎದುರು ಕೂತು ಮಾತಾಡೋಣ ಎಂದು ಆಹ್ವಾನ ಪತ್ರ ಕಳಿಸಿದರು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾ, ಅದರಲ್ಲಿ ಬಿಸಿನೆಸ್ ವೀಸಾಕ್ಕೆ ಅಪಾಯಿಂಟ್‌ಮೆಂಟ್ ಸಿಗಲಿಕ್ಕೇ ಐದು ವಾರ. ಐಟಿ ರಿಟರ್ನ್, ಜಿಎಸ್‌ಟಿ, ಉದ್ಯಮ್ ಸರ್ಟಿಫಿಕೇಟ್, ಬ್ಯಾಂಕ್ ಸ್ಟೇಟ್‌ಮೆಂಟ್, 30,000 ಯೂರೋ ವಿಮೆ, ಎಲ್ಲ ಕೊಟ್ಟೆ. ಕೌಂಟರಿನವರು ಪತ್ರ ನೋಡಿ, 'ಇದರಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದಿದೆ, ತಾಳೆ ಆಗಲ್ಲ' ಅಂದರು. ಆದರೂ ಅರ್ಜಿ ತಗೊಂಡರು. ಹದಿನೆಂಟು ದಿನಕ್ಕೆ ಪಾಸ್‌ಪೋರ್ಟ್ ವಾಪಸ್. ಪ್ರಯಾಣದ ಉದ್ದೇಶಕ್ಕೆ ಆಧಾರ ಸಾಲದು ಅನ್ನುವ ಸಾಲಿಗೆ ಗುರುತು ಹಾಕಿದ್ದಾರೆ, ಅಷ್ಟೇ. 90 ಯೂರೋ ಹೋಯಿತು, ಗಿರಾಕಿಯ ಮುಂದೆ ಮಾನವೂ ಹೋಯಿತು.

ದಾವಣಗೆರೆ ಆಡಿಟರ್:
ಸರ್, ಗುರುತು ಬಿದ್ದಿರೋದು ಉದ್ದೇಶಕ್ಕೆ. ಹೆಸರಿಗಲ್ಲ. ಖರ್ಚು ಯಾರದು, ಎಷ್ಟು ದಿನ, ಏನು ಕೆಲಸ ಎಂದು ಆಹ್ವಾನ ಪತ್ರದಲ್ಲಿ ಬಿಡಿಸಿ ಬರೆದಿತ್ತಾ? ಬ್ಯಾಂಕ್ ಸ್ಟೇಟ್‌ಮೆಂಟ್ ಯಾವ ಖಾತೆಯದು ಕೊಟ್ಟಿರಿ?

ಪೀಣ್ಯ ಟರ್ನರ್:
ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಖಾತೆಯದು. ನಮ್ಮ ವ್ಯವಹಾರವೆಲ್ಲ ಅದರಲ್ಲೇ.

ದಾವಣಗೆರೆ ಆಡಿಟರ್:
ಅಲ್ಲೇ ಎಡವಿದ್ದು. ಸಿಸಿ ಖಾತೆಯಲ್ಲಿ ಬ್ಯಾಲೆನ್ಸ್ ಯಾವಾಗಲೂ ಮೈನಸ್. ಅದು ಬ್ಯಾಂಕ್ ನಿಮ್ಮನ್ನು ನಂಬಿ ಕೊಟ್ಟ ಮಿತಿ ಅಂತ ನಮಗೆ ಗೊತ್ತು. ನೋಡುವವರಿಗೆ ಸಾಲಗಾರ ಅನ್ನಿಸುತ್ತೆ. ಬ್ಯಾಂಕಿನ ಮಂಜೂರಾತಿ ಪತ್ರ, ಸ್ವಂತ ಉಳಿತಾಯ ಖಾತೆ ಎರಡೂ ಜೊತೆಗಿಡಬೇಕಿತ್ತು.

ಟೊರೊಂಟೊ ಕನ್ನಡತಿ:
ಹೆಸರಿಗಲ್ಲ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ? ಸರ್‌ನೇಮ್ ಖಾಲಿ ಇದ್ದರೆ ಅಮೆರಿಕ ವೀಸಾದಲ್ಲಿ ಇರೋ ಹೆಸರನ್ನು ಸರ್‌ನೇಮ್ ಜಾಗಕ್ಕೆ ದೂಡಿ, ಗಿವನ್ ನೇಮ್ ಜಾಗದಲ್ಲಿ 'ಎಫ್ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಅಂತ ಹಾಕ್ತಾರೆ. ನನ್ನ ಗಂಡ ವರ್ಷಗಟ್ಟಲೆ ಅದನ್ನು ಅನುಭವಿಸಿದ್ದಾರೆ. ಮಕ್ಕಳಿಗಾದರೂ ಒಂದು ಕುಟುಂಬದ ಹೆಸರಿಡಿ.

ಧಾರವಾಡದಾಂವ:
ಅಕ್ಕಾರು ಹೇಳಿದ್ದು ಖರೇ. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರ್ತಾವ. ಪಾಸ್‌ಪೋರ್ಟಿನಾಗ ತೊಂದ್ರಿ ಇಲ್ಲ. ಇದು ಹಳೇ ಮೈಸೂರಿನವರು ತಾವ ಮಾಡಿಕೊಂಡ ತೊಂದ್ರಿ.

ಹಾಸನ ಮಲೆನಾಡು:
ತಾವೇ ಮಾಡಿಕೊಂಡದ್ದಾ? ಕುವೆಂಪು ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಡಿವಿಜಿ ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಊರು, ತಂದೆ, ಆಮೇಲೆ ನಾನು: ಇದು ನಮ್ಮ ಕ್ರಮ. ಯಾವನೋ ಕಂಪ್ಯೂಟರಿಗೆ ಎರಡು ಖಾನೆ ಮಾಡಿದ ಅಂತ ನಾವು ಹೆಸರು ಬದಲಾಯಿಸಬೇಕೇನ್ರೀ?

ಧಾರವಾಡದಾಂವ:
ಬೇಂದ್ರೆ ಅನ್ನೋದು ಅಡ್ಡಹೆಸರ ಅಲ್ಲೇನು? ಅವರೇನ್ ಕಡಿಮಿ ಕನ್ನಡಿಗರs?

ಹಾಸನ ಮಲೆನಾಡು:
ಬೇಂದ್ರೆಯವರನ್ನು ಕಡಿಮೆ ಅಂದವರು ಯಾರು? ಬಾಯಿಗೆ ಬಂದದ್ದು ನನ್ನ ತಲೆಗೆ ಕಟ್ಟಬೇಡಿ. ನಿಮ್ಮ ಕಡೆಯ ಅಡ್ಡಹೆಸರು ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಆಗಿ ಅಫಿಡವಿಟ್ ಮಾಡಿಸೋರನ್ನು ನಾನೇ ನೋಡಿದ್ದೇನೆ.

ದುಬೈ ಮಂಗಳೂರು:
ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಪದದ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಅಂತ ಹೇಳಿತು. ಊರಲ್ಲಿ ಎಷ್ಟು ಮಂದಿ ಗಾಬರಿಯಾದರು! ಸರ್‌ನೇಮ್ ಬೇಕೇ ಬೇಕು ಅಂತ ಇದರಿಂದ ಗೊತ್ತಾಗ್ತದೆ.

ಹಾಸನ ಮಲೆನಾಡು:
ಅರ್ಧ ಹೇಳಬೇಡಿ ಸ್ವಾಮಿ. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಅಂತ ಆಮೇಲೆ ಅವರೇ ಸ್ಪಷ್ಟ ಮಾಡಿದರು. ತಂದೆಯ ಹೆಸರು! ನಮ್ಮ ಕ್ರಮವನ್ನೇ ಒಪ್ಪಿಕೊಂಡರು.

ದುಬೈ ಮಂಗಳೂರು:
ಒಪ್ಪಿಕೊಂಡದ್ದು ವಿನಾಯಿತಿ ಕೊಟ್ಟು. ಅದು ಬೇರೆ.

ಪೀಣ್ಯ ಟರ್ನರ್:
ದಯವಿಟ್ಟು ವಿಷಯಕ್ಕೆ ಬನ್ನಿ. ನನ್ನ ಪಾಸ್‌ಪೋರ್ಟ್‌ನಲ್ಲಿ ಎಲ್ಲವನ್ನೂ ಬಿಡಿಸಿಯೇ ಬರೆದಿದೆ, ಸರ್‌ನೇಮ್ ಖಾನೆಯೂ ಖಾಲಿಯಿಲ್ಲ. ಗಿರಾಕಿಗೆ ಕೊಟ್ಟ ವಿಸಿಟಿಂಗ್ ಕಾರ್ಡಿನಲ್ಲಿ ಇನಿಷಿಯಲ್ ಇತ್ತು, ಅವರು ಹಾಗೇ ಬರೆದರು. ನನ್ನ ಸಿಟ್ಟು ಐದು ವಾರದ ಮೇಲೆ. ಯುರೋಪಿಯನ್ ಒಕ್ಕೂಟದ್ದೇ ವೀಸಾ ಸಂಹಿತೆಯ 9ನೇ ವಿಧಿ, ಕೇಳಿದ ಎರಡು ವಾರದೊಳಗೆ ಅಪಾಯಿಂಟ್‌ಮೆಂಟ್ ಸಿಗಬೇಕು ಅನ್ನುತ್ತದೆ.

ದಾವಣಗೆರೆ ಆಡಿಟರ್:
'ಸಾಮಾನ್ಯವಾಗಿ' ಅಂತ ಅದೇ ವಾಕ್ಯದಲ್ಲಿದೆ ಸರ್. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು ಅಂತಲೂ ಇದೆ. ತಡವಾಗಿ ಎದ್ದವರು ನೀವು.

ಪೀಣ್ಯ ಟರ್ನರ್:
ತಡವಾಗಿ ಎದ್ದೆನಾ? ಗಿರಾಕಿ ಸ್ಯಾಂಪಲ್ ಒಪ್ಪಿದ ಮಾರನೇ ದಿನವೇ ವೆಬ್‌ಸೈಟ್ ಮುಂದೆ ಕೂತವನು ನಾನು! ಆರು ತಿಂಗಳು ಮುಂಚೆ ಯಾವ ಗಿರಾಕಿ ಕರೀತಾನೆ? ದೊಡ್ಡ ಕಂಪನಿಯವರಿಗೆ ಪ್ರಯಾಣ ವಿಭಾಗವೇ ಇರುತ್ತೆ. ನಾನು ಮೆಷಿನ್ ನಿಲ್ಲಿಸಿ, ಶಿಫ್ಟ್ ಬಿಟ್ಟು ಸಾಲಲ್ಲಿ ನಿಲ್ಲಬೇಕು. ನಿಮ್ಮ ಮಾತು ನೋವಾಯಿತು.

ಟೊರೊಂಟೊ ಕನ್ನಡತಿ:
2024ರ ಏಪ್ರಿಲ್‌ನಿಂದ ಷೆಂಗೆನ್ ನಿಯಮ ಭಾರತೀಯರಿಗೆ ಸಡಿಲಿಸಿದ್ದಾರಲ್ಲ, ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಕೊಡ್ತಾರೆ. ಅದಕ್ಕೆ ಹಾಕಬಹುದಿತ್ತು.

ಪೀಣ್ಯ ಟರ್ನರ್:
ಮೇಡಂ, ಅದು ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಬಳಸಿದವರಿಗೆ. ನನಗೆ ಮೊದಲನೆಯದೇ ಸಿಗಲಿಲ್ಲ.

ದುಬೈ ಮಂಗಳೂರು:
ಅಪೀಲು ಹಾಕಿ.

ದಾವಣಗೆರೆ ಆಡಿಟರ್:
ಹಕ್ಕೇನೋ ಇದೆ, ಅದೇ ಸಂಹಿತೆಯ 32ನೇ ವಿಧಿ. ಆದರೆ ಆಯಾ ದೇಶದ ಕಾನೂನಿನ ಪ್ರಕಾರ ನಡೆಯಬೇಕು. ಜರ್ಮನಿಯಂತೂ 2025ರ ಜುಲೈ 1ರಿಂದ ವೀಸಾ ಕಚೇರಿಗೇ ಮರುಪರಿಶೀಲನೆ ಮನವಿ ಕೊಡುವ ಕ್ರಮ ನಿಲ್ಲಿಸಿದೆ, ಕೋರ್ಟಿಗೇ ಹೋಗಬೇಕು. ಹೊಸ ಅರ್ಜಿಯೇ ವಾಸಿ. ಸಿಸಿ ಖಾತೆ ಬಗ್ಗೆ ನಾನು ಹೇಳಿದ್ದು ಸರಿ ಅಂತ ಈಗಲಾದರೂ ಒಪ್ಪಿ.

ಪೀಣ್ಯ ಟರ್ನರ್:
ಮಂಜೂರಾತಿ ಪತ್ರಕ್ಕೆ ಬ್ಯಾಂಕಿನಲ್ಲಿ ಕೇಳಿದ್ದೇನೆ. ಪೂರ್ತಿ ಹೆಸರಿನ ಹೊಸ ಆಹ್ವಾನ ಪತ್ರ ಇವತ್ತು ಬಂತು. ಮತ್ತೆ 90 ಯೂರೋ ಕಟ್ಟುತ್ತೇನೆ. ತಪ್ಪು ನನ್ನದು ಅಂತ ಮಾತ್ರ ಒಪ್ಪಲ್ಲ.

ಧಾರವಾಡದಾಂವ:
ಪೂರ್ತಿ ಹೆಸರು ಬರಿಸಿದ ಮ್ಯಾಲೆ ನಾ ಅಂದದ್ದs ಆತಲ್ಲ.

ಹಾಸನ ಮಲೆನಾಡು:
ಏನಾಯ್ತು? ಅದರಲ್ಲಿ ಇರೋದು ಊರಿನ ಹೆಸರು, ಅಪ್ಪನ ಹೆಸರು. ಅಡ್ಡಹೆಸರು ಎಲ್ಲಿದೆ ತೋರಿಸಿ.