ಟಾರ್ಪಾಲಿನ ಪಕ್ಕ ಬೆಂಕಿ: ನಿವೃತ್ತ ಅಗ್ನಿಶಾಮಕ ಅಧಿಕಾರಿಯೊಂದಿಗೆ ಬಳಗದ ಪ್ರಶ್ನೋತ್ತರ

ಹರಿಹರದ ಸದಸ್ಯರು: ನಮಸ್ಕಾರ ಸರ್. ಕೊಂಡಜ್ಜಿ ಕೆರೆಯ ಬಳಿ ಟಾರ್ಪಾಲು ಕಟ್ಟಿ ಮಕ್ಕಳೊಂದಿಗೆ ರಾತ್ರಿ ತಂಗಲಿದ್ದೇವೆ. ಬೆಂಕಿಯನ್ನು ಎಷ್ಟು ದೂರದಲ್ಲಿ ಹಾಕಬೇಕು?

ಅಧಿಕಾರಿ: ಅಲ್ಲಿ ಬೆಂಕಿ ಹಾಕಲು ಅನುಮತಿಯಿದ್ದರೆ ಕನಿಷ್ಠ 15 ಅಡಿ ದೂರವಿರಲಿ, ಗಾಳಿಯು ಟಾರ್ಪಾಲಿನ ಕಡೆಯಿಂದ ಬೆಂಕಿಯ ಕಡೆಗೆ ಬೀಸುವಂತಿರಬೇಕು. ಸುತ್ತಲಿನ ಒಣಹುಲ್ಲನ್ನು ಕೆರೆದು ತೆಗೆಯಿರಿ. ಕೆರೆಯಂಚಿನ ನೀರುಂಡ ಕಲ್ಲುಗಳನ್ನು ಒಲೆಗೆ ಇಡಬೇಡಿ, ಅವು ಸಿಡಿಯುತ್ತವೆ.

ಜಗಳೂರಿನ ಸದಸ್ಯರು: ಸರ್, ನಮ್ಮ ಮಾವನವರು ಮೆಕ್ಕೆಜೋಳದ ರಾಶಿ ಕಾಯಲು ಕಣದಲ್ಲೇ ಮಲಗುತ್ತಾರೆ. ಚಳಿಗೆಂದು ಟಾರ್ಪಾಲನ್ನು ಮೂರು ಕಡೆ ನೆಲಕ್ಕೆ ಇಳಿಬಿಟ್ಟು, ಬಾಣಲೆಯಲ್ಲಿ ಜಾಲಿಯ ಕೆಂಡವನ್ನು ಒಳಗಿಟ್ಟುಕೊಳ್ಳುತ್ತಾರೆ. ಎರಡು ದಿನಗಳಿಂದ ಏಳುವಾಗಲೇ ತಲೆನೋವು ಎನ್ನುತ್ತಾರೆ. ಕಾಲಬುಡದಲ್ಲಿ ಮಲಗುವ ನಾಯಿಯೂ ಮಂಕಾಗಿದೆ.

ಅಧಿಕಾರಿ: ಉಳಿದ ಪ್ರಶ್ನೆಗಳು ಕಾಯಲಿ. ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ನಂಬಿಕೆಯೇ ಇಲ್ಲಿ ಮೋಸ ಮಾಡುತ್ತಿದೆ. ಗಾಳಿ ಸಾಲದ ಜಾಗದಲ್ಲಿ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಬಿಡಬಹುದು. ಮನುಷ್ಯನಿಗೂ ನಾಯಿಗೂ ಒಟ್ಟಿಗೆ ಹೀಗಾಗಿದೆಯೆಂದರೆ ನನ್ನ ಅನುಮಾನ ಬಲವಾಗುತ್ತದೆ. ಬಾಣಲೆಯನ್ನು ಈಗಲೇ ಹೊರಗಿಡಿ. ಮಾವನವರನ್ನು ಇಂದೇ ಆಸ್ಪತ್ರೆಗೆ ಕರೆದೊಯ್ದು, ಕೆಂಡದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಮಂಪರು, ವಾಂತಿ ಕಂಡರೆ 108ಕ್ಕೆ ಕರೆ ಮಾಡಿ.

ಹೊಳಲ್ಕೆರೆಯ ಸದಸ್ಯರು: ಟಾರ್ಪಾಲಿಗೆ ಪಟಿಕದ ನೀರು ಬಳಿದರೆ ಬೆಂಕಿ ಹತ್ತುವುದಿಲ್ಲವಂತೆ, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಬೇಕಂತೆ. ಫಾರ್ವರ್ಡ್ ಬಂದಿದೆ.

ಅಧಿಕಾರಿ: ಪ್ಲಾಸ್ಟಿಕ್ ಟಾರ್ಪಾಲು ನೀರನ್ನೇ ಹೀರುವುದಿಲ್ಲ, ಪಟಿಕವನ್ನು ಹೀರುವುದೆಲ್ಲಿಂದ ಬಂತು? ಬೆಂಕಿ ತಗುಲಿದರೆ ಟಾರ್ಪಾಲೇ ಕರಗಿ ಮೈಮೇಲೆ ತೊಟ್ಟಿಕ್ಕಿ ಅಂಟಿಕೊಳ್ಳುತ್ತದೆ. ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಅಂಟಿದ್ದನ್ನು ಕೀಳಬೇಡಿ, ಪೇಸ್ಟ್ ಹಚ್ಚಬೇಡಿ. ಆ ಫಾರ್ವರ್ಡ್ ಅಳಿಸಿ.

ದಾವಣಗೆರೆಯ ಸದಸ್ಯರು: ಎಷ್ಟು ಅಡಿ ದೂರವಿರಬೇಕು ಸರ್?

ಅಧಿಕಾರಿ: ಮೇಲೆ ಬರೆದಿದ್ದೇನೆ.

ಚಿತ್ರದುರ್ಗದ ಸದಸ್ಯರು: ಜೋಗಿಮಟ್ಟಿಯಲ್ಲಿ ನಮ್ಮ ತಂದೆಯವರ ಕಾಲದಿಂದಲೂ ಬೆಂಕಿ ಹಾಕುತ್ತಿದ್ದೇವೆ, ಏನೂ ಆಗಿಲ್ಲ.

ಹಿರಿಯೂರಿನ ಸದಸ್ಯರು: ಅದು ಅರಣ್ಯ, ಅನುಮತಿಯಿಲ್ಲದೆ ಬೆಂಕಿ ಹಾಕುವುದು ಅಪರಾಧ. ಗಾಳಿಯಂತ್ರಗಳನ್ನು ನೆಟ್ಟ ಗುಡ್ಡಸಾಲಿನಲ್ಲಿ ಗಾಳಿಗೆ ಕೊರತೆಯೇ? ಒಂದು ಕಿಡಿ ಸಾಕು.

ಚಿತ್ರದುರ್ಗದ ಸದಸ್ಯರು: ಕಾನೂನು ಪಾಠ ಕೇಳಿರಲಿಲ್ಲ. ತಾವು ಕಾಡಿಗೆ ಕಾಲಿಟ್ಟು ಎಷ್ಟು ವರ್ಷವಾಯಿತು?

ಹಿರಿಯೂರಿನ ಸದಸ್ಯರು: ತಾವು ಬಿಟ್ಟುಬಂದ ಬೂದಿಯನ್ನು ನೋಡುವಷ್ಟು ಸಲ ಹೋಗಿದ್ದೇನೆ.

ಚಳ್ಳಕೆರೆಯ ಸದಸ್ಯರು: ಮಳೆಯಲ್ಲಿ ಹಸಿ ಕಟ್ಟಿಗೆ ಹೊತ್ತಿಸುವುದು ಹೇಗೆ?

ಅಧಿಕಾರಿ: ಜಗಳೂರಿನವರೇ, ಏನಾಯಿತು? ಜೋಗಿಮಟ್ಟಿಯ ಜಗಳವನ್ನು ಇಬ್ಬರೂ ಬೇರೆಡೆ ಇಟ್ಟುಕೊಳ್ಳಿ.

ಜಗಳೂರಿನ ಸದಸ್ಯರು: ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದ್ದಾರೆ ಸರ್, ಮಾತನಾಡುತ್ತಿದ್ದಾರೆ. ರಾತ್ರಿ ರಾಶಿ ಕಾಯುವವರು ಯಾರು ಎಂದು ನನ್ನನ್ನೇ ಗದರಿಸಿದರು.

ಅಧಿಕಾರಿ: ಗದರಿಸಲಿ. ರಾಶಿ ಕಾಯಲು ನೀವೇ ಹೋಗಿ, ಎರಡು ಕಂಬಳಿ ಒಯ್ಯಿರಿ, ಟಾರ್ಪಾಲಿನ ಎರಡು ಬದಿ ತೆರೆದಿರಲಿ.

ದಾವಣಗೆರೆಯ ಸದಸ್ಯರು: ಸರ್, ಮೇಲೆ ಎಂದರೆ ಎಲ್ಲಿ?